ಬೀಳುವ ಬೆಳಕಿನ ಲೆಕ್ಕ: ಹರ್ಷೆಲ್ ಮನೆತನ ಮತ್ತು ಕಂಸಾಗರದ ಕಲ್ಲು



1902ನೇ ಇಸವಿ ನವೆಂಬರ್ 12ರಂದು ನಮ್ಮ ಸೀಮೆಗೆ ಆಕಾಶದಿಂದ ಒಂದು ಕಲ್ಲು ಬಿತ್ತು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದರ ಹೆಸರು ಕಂಸಾಗರ. ಈ ಪಟ್ಟಿಯಲ್ಲಿ ಕಲ್ಲಿಗೆ ಅದು ಬಿದ್ದ ಊರಿನ ಹೆಸರನ್ನೇ ಇಡುವುದು ರೂಢಿ. ಹಾಗಾಗಿ ನಮ್ಮ ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಪ್ಯಾರಿಸ್, ಲಂಡನ್, ಟೋಕಿಯೊಗಳ ವಿಜ್ಞಾನಿಗಳ ಪುಸ್ತಕಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಉಳಿದುಕೊಂಡಿದೆ. ಇಲ್ಲಿ ಮಾತ್ರ ಆ ಸುದ್ದಿ ಹೆಚ್ಚು ಜನರ ಕಿವಿಗೆ ಬಿದ್ದಿಲ್ಲ.

ಇಂದು ನಾನು ಹೇಳಹೊರಟಿರುವುದು ಬೀಳುವ ಚುಕ್ಕಿಗಳನ್ನು ಮನುಷ್ಯ ಲೆಕ್ಕಕ್ಕೆ ತಂದ ಕತೆ. ಅದರ ನಡುವೆ ಮೂರು ತಲೆಮಾರು ಆಕಾಶ ನೋಡಿದ ಒಂದು ಕುಟುಂಬವಿದೆ, ಹರ್ಷೆಲ್ ಕುಟುಂಬ. ಆ ಮನೆಯ ಒಬ್ಬ ಮಗ ಕರ್ನಾಟಕದ ಜಮಖಂಡಿಯಲ್ಲಿ ನಿಂತು ಸೂರ್ಯಗ್ರಹಣ ನೋಡಿದರು. ಅವರ ಅಣ್ಣ ಇಂಗ್ಲೆಂಡಿನಲ್ಲಿ ಉಲ್ಕೆಗಳ ಬೆಳಕನ್ನು ಬಿಡಿಸಿ ನೋಡಿದರು. ಅವರ ಕೆಲಸದಿಂದ ನಾವು ಕಲಿಯಬೇಕಾದದ್ದು ಒಂದೇ: ಉಲ್ಕೆಯ ವಿಷಯದಲ್ಲಿ ಒಬ್ಬರ ಕಣ್ಣು ಸಾಲದು. ಕಂಡದ್ದನ್ನು ಕಂಡ ಕೂಡಲೇ ಬರೆದಿಡಬೇಕು, ಬರೆದದ್ದನ್ನು ನಾಲ್ಕು ಊರಿನವರು ಕೂಡಿಸಿ ನೋಡಬೇಕು.

ಕಂಸಾಗರದ ಕಲ್ಲು

ಪಟ್ಟಿ ಕೊಡುವ ಸ್ಥಳ ಉತ್ತರ ಅಕ್ಷಾಂಶ 14 ಡಿಗ್ರಿ 11 ಮಿನಿಟು, ಪೂರ್ವ ರೇಖಾಂಶ 75 ಡಿಗ್ರಿ 48 ಮಿನಿಟು. ಭೂಪಟದಲ್ಲಿ ಅಲ್ಲಿ ಬೆರಳಿಟ್ಟರೆ ಬಸವಾಪಟ್ಟಣದ ಆಸುಪಾಸು. ಅಂದು ಚನ್ನಗಿರಿ, ಹೊನ್ನಾಳಿ ಎರಡೂ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ನ್ಯಾಮತಿ ಹೊನ್ನಾಳಿಯೊಳಗೇ ಇತ್ತು, ಜಗಳೂರು ಚಿತ್ರದುರ್ಗದ ಕಡೆಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇವೆಲ್ಲ ಒಂದೇ ಸೂರಿನಡಿ ಬಂದವು. ಜಿಲ್ಲೆ ಬದಲಾಯಿತು, ಕಲ್ಲಿನ ಹೆಸರು ಬದಲಾಗಲಿಲ್ಲ.

ಸಿಕ್ಕಿದ ತೂಕ ಸುಮಾರು 1.3 ಕಿಲೋಗ್ರಾಂ, ಒಂದು ಕೈಯಲ್ಲಿ ಹಿಡಿಯುವಷ್ಟು. ಅದರ ವರ್ಗವನ್ನು ಎಲ್-6 ಎಂದು ಬರೆಯುತ್ತಾರೆ. 'ಎಲ್' ಎಂದರೆ ಕಬ್ಬಿಣದ ಅಂಶ ಕಡಿಮೆಯಿರುವ ಸಾಧಾರಣ ಕಾಂಡ್ರೈಟ್. ಇಂಥ ಶಿಲೆಯಲ್ಲಿ ಸೌರವ್ಯೂಹ ಹುಟ್ಟುವಾಗ ಕರಗಿ ಗಟ್ಟಿಯಾದ ಸಣ್ಣ ಸಣ್ಣ ಗುಂಡು ಕಾಳುಗಳಿರುತ್ತವೆ. '6' ಎಂಬ ಅಂಕಿ ಹೇಳುವುದು ಆ ಕಲ್ಲು ತನ್ನ ತಾಯಿಪಿಂಡದ ಒಳಗೆ ಬಹುಕಾಲ ಬಿಸಿಯಲ್ಲಿ ಬೆಂದದ್ದನ್ನು. ಬೆಂದೂ ಬೆಂದೂ ಕಾಳುಗಳ ಅಂಚು ಮಸುಕಾಗಿ ಸುತ್ತಲಿನ ಹರಳುಗಳಲ್ಲಿ ಬೆರೆತುಹೋಗಿರುತ್ತದೆ. ಅಲಿವಿನ್, ಪೈರಾಕ್ಸೀನ್ ಎಂಬ ಖನಿಜಗಳು, ಅವುಗಳ ನಡುವೆ ಚುಕ್ಕೆ ಚುಕ್ಕೆಯಾಗಿ ನಿಕ್ಕಲ್ ಬೆರೆತ ಕಬ್ಬಿಣ, ಹೊರಗೆ ಗಾಳಿಯಲ್ಲಿ ಉರಿದ ತೆಳುವಾದ ಕಪ್ಪು ಸಿಪ್ಪೆ. ಇದು ಈ ವರ್ಗದ ಕಲ್ಲುಗಳ ಸಾಮಾನ್ಯ ಚಹರೆ. ಇವುಗಳ ವಯಸ್ಸು ಸುಮಾರು 456 ಕೋಟಿ ವರ್ಷ. ನಮ್ಮ ಸೀಮೆಯ ಬಂಡೆಗಳು ಬಹಳ ಹಳೆಯವು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಂಸಾಗರದ ಕಲ್ಲು ಅವಕ್ಕಿಂತ ನೂರು ಕೋಟಿ ವರ್ಷಕ್ಕೂ ಹಿರಿದು.

ಕರ್ನಾಟಕದಲ್ಲಿ ಇದಕ್ಕಿಂತ ಮುಂಚೆಯೂ ಕಲ್ಲುಗಳು ಬಿದ್ದಿವೆ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದವು ಅದೇ ಪಟ್ಟಿಯಲ್ಲಿವೆ. ಈ ಕಲ್ಲುಗಳೆಲ್ಲ ದಾಖಲೆಗೆ ಬಂದದ್ದು ಯಾರೋ ನೋಡಿ, ಎತ್ತಿಟ್ಟು, ಬಲ್ಲವರಿಗೆ ತಲುಪಿಸಿದ್ದರಿಂದ. ಯಾರೂ ನೋಡದೆ ಕೆರೆಯ ಹೂಳಿನಲ್ಲಿ, ತೋಟದ ಮಣ್ಣಿನಲ್ಲಿ ಸೇರಿಹೋದವು ಎಷ್ಟೋ.

ಶಕುನದಿಂದ ಅಳತೆಗೆ

ನಮ್ಮ ಪೂರ್ವಿಕರು ಉಲ್ಕೆಗಳನ್ನು ಚೆನ್ನಾಗಿಯೇ ನೋಡಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅವಕ್ಕೊಂದು ಅಧ್ಯಾಯವೇ ಇದೆ. ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಯನ್ನು ಅವನು ಹೇಳುತ್ತಾನೆ. ಆಕಾರ, ಬಾಲ, ಸದ್ದು, ಇವುಗಳ ವ್ಯತ್ಯಾಸವನ್ನು ಕಣ್ಣಿಟ್ಟು ಗುರುತಿಸಿದವರ ಮಾತು ಅದು. ಆದರೆ ನೋಟದ ಗುರಿ ಶಕುನವಾಗಿತ್ತು: ರಾಜನಿಗೇನು, ಬೆಳೆಗೇನು ಎಂಬುದು ಪ್ರಶ್ನೆ. ಎಷ್ಟು ಎತ್ತರ, ಎಷ್ಟು ವೇಗ, ಎಲ್ಲಿಂದ ಎಂಬ ಪ್ರಶ್ನೆಗಳು ತಡವಾಗಿ ಬಂದವು.

ಯುರೋಪಿನಲ್ಲೂ ಹದಿನೆಂಟನೇ ಶತಮಾನದ ಕೊನೆಯವರೆಗೆ ಆಕಾಶದಿಂದ ಕಲ್ಲು ಬೀಳುತ್ತದೆ ಎಂದರೆ ವಿದ್ವಾಂಸರು ನಂಬುತ್ತಿರಲಿಲ್ಲ. 1794ರಲ್ಲಿ ಜರ್ಮನಿಯ ಕ್ಲಾಡ್ನಿ ಇವು ಭೂಮಿಯ ಹೊರಗಿನಿಂದ ಬರುತ್ತವೆ ಎಂದು ಪುಸ್ತಕ ಬರೆದರು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಊರಿನ ಸುತ್ತ ಸಾವಿರಾರು ಕಲ್ಲು ಬಿದ್ದವು. ವಿಜ್ಞಾನಿ ಬಿಯೋ ಅಲ್ಲಿಗೆ ಹೋಗಿ ರೈತರನ್ನು, ಪಾದ್ರಿಗಳನ್ನು, ಕುಶಲಕರ್ಮಿಗಳನ್ನು ಬೇರೆ ಬೇರೆಯಾಗಿ ವಿಚಾರಿಸಿದರು, ಅವರ ಹೇಳಿಕೆಗಳನ್ನು ಕಲ್ಲು ಬಿದ್ದ ಜಾಗಗಳೊಂದಿಗೆ ತಾಳೆ ನೋಡಿದರು. ಹಳ್ಳಿಯವರ ಮಾತೇ ನಿಜವಾಯಿತು, ಅನುಮಾನ ಅಲ್ಲಿಗೆ ಮುಗಿಯಿತು.

ಎತ್ತರ ಅಳೆದವರು ಇಬ್ಬರು ವಿದ್ಯಾರ್ಥಿಗಳು. 1798ರಲ್ಲಿ ಗಟ್ಟಿಂಗೆನ್‌ನ ಬ್ರಾಂಡೆಸ್, ಬೆನ್ಸೆನ್‌ಬರ್ಗ್ ಕೆಲವು ಮೈಲಿ ದೂರದ ಎರಡು ಜಾಗಗಳಲ್ಲಿ ಕುಳಿತು ಒಂದೇ ಉಲ್ಕೆಯನ್ನು ನೋಡಿದರು. ಒಬ್ಬರಿಗೆ ಅದು ಒಂದು ನಕ್ಷತ್ರದ ಪಕ್ಕ ಕಂಡಿತು, ಇನ್ನೊಬ್ಬರಿಗೆ ಬೇರೊಂದರ ಪಕ್ಕ. ಆ ವ್ಯತ್ಯಾಸದಿಂದ ತ್ರಿಕೋನ ಕಟ್ಟಿದರೆ ಎತ್ತರ ಸಿಗುತ್ತದೆ: ಸುಮಾರು 100 ಕಿಲೋಮೀಟರ್. ಮೋಡಗಳಿಗಿಂತ ಎಷ್ಟೋ ಮೇಲೆ. ಉಲ್ಕೆ ಮಿಂಚಿನಂಥ ಹವಾಮಾನದ ಆಟವಲ್ಲ, ಹೊರಗಿನಿಂದ ನುಗ್ಗುವ ವಸ್ತು ಎಂಬುದಕ್ಕೆ ಅದು ಬಲವಾದ ಸಾಕ್ಷಿ.

1833ರ ನವೆಂಬರ್ 12ರ ರಾತ್ರಿ ಕಳೆದು 13ರ ಬೆಳಗಿನೊಳಗೆ ಅಮೆರಿಕದ ಆಕಾಶದಿಂದ ಚುಕ್ಕಿಗಳು ಸಾವಿರ ಸಾವಿರವಾಗಿ ಸುರಿದವು. ಅವೆಲ್ಲ ಸಿಂಹರಾಶಿಯ ಒಂದೇ ಜಾಗದಿಂದ ಹೊರಟಂತೆ ಕಂಡವು. ನೇರ ರಸ್ತೆಯ ಎರಡು ಅಂಚುಗಳು ದೂರದಲ್ಲಿ ಕೂಡಿದಂತೆ ಕಾಣುವುದಿಲ್ಲವೇ? ಸಮಾನಾಂತರವಾಗಿ ಬರುವ ಉಲ್ಕೆಗಳ ದಾರಿಗಳೂ ಹಾಗೆಯೇ ಒಂದು ಬಿಂದುವಿನಿಂದ ಚದುರಿದಂತೆ ತೋರುತ್ತವೆ. ಅದನ್ನು ಉಗಮಬಿಂದು ಎನ್ನೋಣ. ಭೂಮಿ ಸೂರ್ಯನನ್ನು ಸುತ್ತುತ್ತ ಒಂದು ಧೂಳಿನ ಹೊಳೆಯನ್ನು ಹಾಯುತ್ತಿದೆ ಎಂಬ ಕಲ್ಪನೆ ಅಂದಿನಿಂದ ಗಟ್ಟಿಯಾಯಿತು.

ಒಂದು ಮನೆ, ಮೂರು ತಲೆಮಾರು

ವಿಲಿಯಂ ಹರ್ಷೆಲ್ 1738ರಲ್ಲಿ ಹ್ಯಾನೋವರ್‌ನಲ್ಲಿ ಹುಟ್ಟಿದರು. ಸಂಗೀತಗಾರನಾಗಿ ಇಂಗ್ಲೆಂಡಿಗೆ ಹೋಗಿ ದೂರದರ್ಶಕದ ಕನ್ನಡಿಗಳನ್ನು ಕೈಯಾರೆ ಉಜ್ಜಿ ಮಾಡಿಕೊಂಡರು, 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡರು. ಅಷ್ಟು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಉಲ್ಕೆಗಳ ಕತೆಗೆ ಹೆಚ್ಚು ಬೇಕಾದವರು ಅವರ ತಂಗಿ ಕ್ಯಾರೊಲಿನ್. ಅಣ್ಣ ಕಣ್ಣು ತೆಗೆಯದೆ ನೋಡುತ್ತ ಕೂಗಿ ಹೇಳಿದ್ದನ್ನು ತಂಗಿ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಹಗಲು ಅದನ್ನೆಲ್ಲ ಲೆಕ್ಕ ಮಾಡಿ ಪಟ್ಟಿಗೆ ಏರಿಸುತ್ತಿದ್ದರು. 1787ರಿಂದ ಇಂಗ್ಲೆಂಡಿನ ರಾಜ ಅವರಿಗೆ ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತುಮಾಡಿದ. 1786ರಿಂದ 1797ರವರೆಗೆ ಅವರು ಎಂಟು ಧೂಮಕೇತುಗಳನ್ನು ಕಂಡರು. 1795ರಲ್ಲಿ ಕಂಡದ್ದು ಮುಂದೆ ಎಂಕೆ ಧೂಮಕೇತು ಎಂದು ಹೆಸರಾಯಿತು. ಪ್ರತಿವರ್ಷ ಅಕ್ಟೋಬರ್, ನವೆಂಬರ್‌ಗಳಲ್ಲಿ ವೃಷಭರಾಶಿಯಿಂದ ನಿಧಾನವಾಗಿ ಬೀಳುವ ಉಲ್ಕೆಗಳು ಅದರ ಧೂಳು ಎಂದು ವಿಜ್ಞಾನಿಗಳು ಇಪ್ಪತ್ತನೇ ಶತಮಾನದಲ್ಲಿ ಕಂಡುಕೊಂಡರು.

ವಿಲಿಯಂ ಅವರ ಮಗ ಜಾನ್ ಹರ್ಷೆಲ್. ಅಪ್ಪ ಉತ್ತರದ ಆಕಾಶ ಶೋಧಿಸಿದರೆ ಮಗ ದಕ್ಷಿಣದ ಆಕಾಶಕ್ಕಾಗಿ 1834ರಲ್ಲಿ ಆಫ್ರಿಕದ ಕೇಪ್‌ಗೆ ಹೋಗಿ ನಾಲ್ಕು ವರ್ಷ ಅಲ್ಲಿದ್ದರು. 1835-36ರಲ್ಲಿ ಹ್ಯಾಲಿ ಧೂಮಕೇತು ಬಂತು. ಸೂರ್ಯನನ್ನು ಸುತ್ತಿಬಂದು ಅದು ಮತ್ತೆ ಕಾಣಿಸಿಕೊಂಡದ್ದು ಜನವರಿಯ ಕೊನೆಯಲ್ಲಿ. 1836ರ ಫೆಬ್ರವರಿ 5ರಂದು ಅವರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಆ ಮಗುವೇ ಅಲೆಕ್ಸಾಂಡರ್ ಸ್ಟೂವರ್ಟ್ ಹರ್ಷೆಲ್. ಮರುವರ್ಷ ಅಲ್ಲಿಯೇ ಹುಟ್ಟಿದ ತಮ್ಮನಿಗೆ ಅಪ್ಪನ ಹೆಸರನ್ನೇ ಇಟ್ಟರು, ಜಾನ್.

ಈ ಮನೆಯ ಹಿರಿಯ ಮಗ ವಿಲಿಯಂ ಜೇಮ್ಸ್ ಆಕಾಶದ ಕಡೆ ಹೋಗಲಿಲ್ಲ. ಬಂಗಾಳದಲ್ಲಿ ಅಧಿಕಾರಿಯಾಗಿದ್ದಾಗ 1858ರಲ್ಲಿ ಒಂದು ಕರಾರುಪತ್ರದ ಮೇಲೆ ಅಂಗೈ ಗುರುತು ಹಾಕಿಸಿಕೊಂಡು ಬೆರಳಚ್ಚಿನ ಅಧ್ಯಯನಕ್ಕೆ ನಾಂದಿ ಹಾಡಿದರು. ಗುರುತು ಬಿಡದೆ ದಾಖಲಿಸುವ ಅಭ್ಯಾಸ ಆ ಮನೆಯ ರಕ್ತದಲ್ಲೇ ಇತ್ತು.

ಎರಡು ಹಳದಿ

ಅಲೆಕ್ಸಾಂಡರ್ ಆರಿಸಿಕೊಂಡದ್ದು ಯಾರೂ ನೆಚ್ಚಿಕೊಳ್ಳದ ವಿಷಯ. ಗ್ರಹ, ನಕ್ಷತ್ರಗಳು ನಾಳೆಯೂ ಅಲ್ಲೇ ಸಿಗುತ್ತವೆ. ಉಲ್ಕೆ ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದರೆ ಒಂದೆರಡು ಸೆಕೆಂಡು. ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆ ಉಲ್ಕೆಗಳ ವರದಿ ಸಂಗ್ರಹಿಸಲು ಒಂದು ಸಮಿತಿ ಇಟ್ಟುಕೊಂಡಿತ್ತು. 1860ರ ದಶಕದ ಆರಂಭದಿಂದ 1881ರವರೆಗೆ ಆ ಸಮಿತಿಯ ಬೆನ್ನೆಲುಬು ಅಲೆಕ್ಸಾಂಡರ್. ಊರೂರಿನಿಂದ ಬಂದ ಕಾಗದಗಳನ್ನು ಓದಿ, ಹೊತ್ತು, ದಿಕ್ಕು, ಎತ್ತರ ತಾಳೆ ಹಾಕಿ, ಎರಡು ಊರಿನವರು ಕಂಡ ಒಂದೇ ಉಲ್ಕೆಯನ್ನು ಗುರುತಿಸಿ, ದಾರಿ, ವೇಗ, ಉಗಮಬಿಂದು ಕಟ್ಟುವುದು ಅವರ ಕೆಲಸ. ಗ್ಲಾಸ್ಗೊದಲ್ಲಿ, 1871ರಿಂದ ನ್ಯೂಕಾಸಲ್‌ನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಪಾಠ ಹೇಳುತ್ತಲೇ ಇದನ್ನೂ ನಡೆಸಿದರು.

ಅವರ ದೊಡ್ಡ ಸಾಹಸ ಉಲ್ಕೆಯ ಬೆಳಕನ್ನು ಪಟ್ಟಕದ ಮೂಲಕ ನೋಡಿದ್ದು. ಬಿಳಿ ಬೆಳಕು ಪಟ್ಟಕದೊಳಗೆ ಹಾದರೆ ಕೆಂಪಿನಿಂದ ನೇರಳೆಯವರೆಗಿನ ರೋಹಿತವಾಗಿ ಬಿಚ್ಚಿಕೊಳ್ಳುತ್ತದೆ. ಕಾದ ಅನಿಲದ ಬೆಳಕಾದರೆ ಪೂರ್ಣ ಪಟ್ಟಿಯ ಬದಲು ಒಂದೊಂದು ಧಾತುವಿಗೆ ತನ್ನದೇ ಗೆರೆಗಳು ಬರುತ್ತವೆ. ಆದರೆ ಉಲ್ಕೆಯ ಕಡೆ ರೋಹಿತದರ್ಶಕ ತಿರುಗಿಸುವಷ್ಟರಲ್ಲಿ ಅದು ಆರಿಹೋಗುತ್ತದೆ. ಅದಕ್ಕೆ ಅವರು ಆಕಾಶದ ಅಗಲವಾದ ಭಾಗ ಒಮ್ಮೆಗೇ ಕಾಣುವಂತೆ, ಕಣ್ಣಿಗೆ ಹಿಡಿದು ಕಾಯಬಹುದಾದ ಉಪಕರಣವನ್ನು ಲಂಡನ್ನಿನ ಉಪಕರಣ ತಯಾರಕ ಜಾನ್ ಬ್ರೌನಿಂಗ್ ಜತೆಗೂಡಿ ಸಿದ್ಧಪಡಿಸಿದರು. ಉಲ್ಕೆ ಬರಬಹುದಾದ ಕಡೆಗೆ ಅದನ್ನು ಹಿಡಿದು ಕಾಯುವುದು, ಬಂದ ಕ್ಷಣ ಕಂಡ ಗೆರೆಯನ್ನು ನೆನಪಿನಿಂದ ಬರೆಯುವುದು. 1866ರ ಆಗಸ್ಟ್‌ನಲ್ಲಿ ಅವರು ಉಲ್ಕೆಗಳ ಬಾಲದಲ್ಲಿ ಹೊಳೆವ ಒಂದು ಹಳದಿ ಗೆರೆಯನ್ನು ಕಂಡರು. ಒಲೆಯ ಉರಿಗೆ ಉಪ್ಪು ಚೆಲ್ಲಿದರೆ ಏಳುವ ಹಳದಿಯೇ ಅದು, ಸೋಡಿಯಂ. ಮುಟ್ಟಲಾಗದ, ಹಿಡಿಯಲಾಗದ ಧೂಳಿನಲ್ಲಿ ನಮ್ಮ ಅಡುಗೆಮನೆಯ ಉಪ್ಪಿನಲ್ಲಿರುವ ಧಾತುವೇ ಇದೆ ಎಂದು ಆ ಗೆರೆ ಹೇಳಿತು.

ಎರಡೇ ವರ್ಷದ ಮೇಲೆ, 1868ರ ಆಗಸ್ಟ್ 18ರಂದು, ಪೂರ್ಣ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಬಂಗಾಳಕೊಲ್ಲಿಯವರೆಗೆ ಹಾದುಹೋಯಿತು. ತಮ್ಮ ಜಾನ್ ಆಗ ಭಾರತದ ತ್ರಿಕೋನಮಿತಿ ಸರ್ವೆಯ ಅಧಿಕಾರಿ. ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ದೂರದರ್ಶಕ, ರೋಹಿತದರ್ಶಕಗಳೊಂದಿಗೆ ಅವರು ಜಮಖಂಡಿಯಲ್ಲಿ ಬಿಡಾರ ಹೂಡಿದರು. ಜತೆಗೆ ಸರ್ವೆಯ ಇನ್ನೊಬ್ಬ ಅಧಿಕಾರಿ ಕ್ಯಾಂಪ್‌ಬೆಲ್. ಶ್ರಾವಣದ ದಿನ, ಮೋಡಗಳ ಓಡಾಟ. ಮೋಡದ ಸಂದಿನಲ್ಲಿ ಸಿಕ್ಕಿದ ಕೆಲವು ಕ್ಷಣಗಳಲ್ಲಿ ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಯ ಕಡೆ ರೋಹಿತದರ್ಶಕ ಹಿಡಿದರು. ಮೂರು ಹೊಳೆವ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಗೆರೆಗಳು ಬಿಡಿಬಿಡಿಯಾಗಿದ್ದವು ಎಂದರೆ ಆ ಜ್ವಾಲೆಗಳು ಕಾದ ಅನಿಲ ಎಂದು ಖಚಿತವಾಯಿತು. ಗುಂಟೂರಿನಲ್ಲಿದ್ದ ಟೆನ್ನಂಟ್ ಮತ್ತು ಜಾನ್ಸೆನ್ ಅವರೂ ಅಂದೇ ಅದೇ ತೀರ್ಮಾನಕ್ಕೆ ಬಂದರು.

ಕಿತ್ತಳೆಯೆಂದು ಬರೆದ ಆ ಹಳದಿ ಗೆರೆ ಸೋಡಿಯಂನ ಸ್ಥಾನದಲ್ಲಿಯೇ ಇದೆ ಎಂದು ಜಮಖಂಡಿಯ ಅಳತೆ ತೋರಿಸಿತು. ಅಂದಿನ ಉಪಕರಣಕ್ಕೆ ಅಷ್ಟೇ ಸಾಧ್ಯ. ಸೋಡಿಯಂನ ಜೋಡಿಗೆರೆ ಇರುವುದು 589.0 ಮತ್ತು 589.6 ನ್ಯಾನೋಮೀಟರ್‌ನಲ್ಲಿ. ಸೂರ್ಯನ ಜ್ವಾಲೆಯ ಗೆರೆ ಇರುವುದು 587.6ರಲ್ಲಿ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆದ ಸೂಕ್ಷ್ಮ ಅಳತೆಗಳಲ್ಲಿ ಇದು ಬೇರೆಯೇ ಗೆರೆ ಎಂದು ತಿಳಿಯಿತು. ಭೂಮಿಯ ಮೇಲೆ ಯಾರೂ ಕಂಡಿರದ ಆ ಧಾತುವಿಗೆ ಹೀಲಿಯಂ ಎಂದು ಹೆಸರಿಟ್ಟರು. 1895ರಲ್ಲಿ ರ‍್ಯಾಮ್ಸೆ ಅದನ್ನು ಪ್ರಯೋಗಶಾಲೆಯಲ್ಲಿ ಹಿಡಿದರು. ಅಣ್ಣ ಉಲ್ಕೆಯ ಬಾಲದಲ್ಲಿ ಕಂಡ ಹಳದಿ ಸೋಡಿಯಂ, ತಮ್ಮ ನಮ್ಮ ನಾಡಿನಲ್ಲಿ ನಿಂತು ಸೂರ್ಯನಲ್ಲಿ ಕಂಡ ಹಳದಿ ಹೀಲಿಯಂ. ಎರಡರ ನಡುವೆ ಸುಮಾರು ಒಂದೂವರೆ ನ್ಯಾನೋಮೀಟರ್ ಅಂತರ. ಜಾನ್ ತಾವು ಕಂಡದ್ದನ್ನು ಕಂಡಷ್ಟೇ ಬರೆದಿಟ್ಟಿದ್ದರಿಂದ ಆ ನೋಟ ಮುಂದಿನವರಿಗೆ ಕೆಲಸಕ್ಕೆ ಬಂತು.

ಧೂಮಕೇತುವಿನ ಧೂಳು

1866ರ ನವೆಂಬರ್‌ನಲ್ಲಿ ಸಿಂಹರಾಶಿಯ ಉಲ್ಕಾವರ್ಷ ಮರಳುತ್ತದೆ ಎಂದು ಅಮೆರಿಕದ ನ್ಯೂಟನ್ ಎಂಬ ಗಣಿತಜ್ಞರು ಮುಂಚೆಯೇ ಹೇಳಿದ್ದರು. ಯುರೋಪಿನಲ್ಲಿ ಅದು ಹೇಳಿದಂತೆಯೇ ಬಂತು. ಅಲ್ಲಿ ನಡುರಾತ್ರಿ ಕಳೆದು ಒಂದು ಗಂಟೆಯಾದಾಗ ನಮ್ಮಲ್ಲಿ ಬೆಳಗಿನ ಆರೂವರೆ ದಾಟಿ ಬೆಳಕು ಹರಿದಿತ್ತು, ಆ ವೈಭವ ನಮ್ಮ ಪಾಲಿಗೆ ಹಗಲಿನಲ್ಲಿ ಮುಚ್ಚಿಹೋಯಿತು. ಅದೇ ಕಾಲಕ್ಕೆ ಇಟಲಿಯ ಸ್ಕಿಯಾಪರೆಲ್ಲಿ ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ಬೀಳುವ ಉಲ್ಕೆಗಳ ದಾರಿಯೂ 1862ರ ಧೂಮಕೇತುವಿನ ದಾರಿಯೂ ಒಂದೇ ಎಂದು ತೋರಿಸಿದರು. ಉಲ್ಕಾವರ್ಷವೆಂದರೆ ಧೂಮಕೇತು ದಾರಿಯುದ್ದಕ್ಕೂ ಚೆಲ್ಲಿ ಹೋದ ಧೂಳು.

ಈ ತಿಳಿವಿನ ಒಂದು ತುದಿ ನಮ್ಮ ನೆರೆಯ ಮದ್ರಾಸಿಗೂ ತಾಗಿತು. ಎರಡು ಹೋಳಾಗಿ ಕಣ್ಮರೆಯಾಗಿದ್ದ ಬೀಲಾ ಧೂಮಕೇತುವಿನ ದಾರಿಯಿಂದ 1872ರ ನವೆಂಬರ್ 27ರಂದು ಉಲ್ಕೆಗಳು ಸುರಿದವು. ಆ ಧೂಮಕೇತು ಭೂಮಿಯನ್ನು ಸವರಿಕೊಂಡು ದಕ್ಷಿಣಕ್ಕೆ ಹೋಗಿರಬೇಕೆಂದು ಜರ್ಮನಿಯ ಕ್ಲಿಂಕರ್‌ಫ್ಯೂಸ್ ಮದ್ರಾಸ್ ವೀಕ್ಷಣಾಲಯದ ಪಾಗ್ಸನ್ ಅವರಿಗೆ ತಂತಿ ಹೊಡೆದು ಹುಡುಕಲು ಕೇಳಿದರು. ಪಾಗ್ಸನ್ ಡಿಸೆಂಬರ್ ಆರಂಭದಲ್ಲಿ ಒಂದು ಧೂಮಕೇತುವನ್ನು ಕಂಡರು. ಅದು ಬೀಲಾ ಅಲ್ಲವೆಂದು ಆಮೇಲಿನ ಲೆಕ್ಕ ಹೇಳಿತು. ಅದೇ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರಿ 1874ರ ಶುಕ್ರಸಂಕ್ರಮದ ಬಗ್ಗೆ ಬರೆದ ಕಿರುಪುಸ್ತಕ ಕನ್ನಡದಲ್ಲೂ ಹೊರಬಂತು. ಆಕಾಶದ ಸುದ್ದಿಯನ್ನು ಜನರ ಭಾಷೆಯಲ್ಲಿ ಹೇಳಬೇಕೆಂಬ ಅರಿವು ಅಂದೇ ಇತ್ತು.

ಅಲೆಕ್ಸಾಂಡರ್ 1876ರಲ್ಲಿ ಒಂದು ಪ್ರಶ್ನೆ ಹಾಕಿಕೊಂಡರು: ತಿಳಿದಿರುವ ಯಾವ ಯಾವ ಧೂಮಕೇತುವಿನ ದಾರಿ ಭೂಮಿಯ ದಾರಿಗೆ ಹತ್ತಿರ ಬರುತ್ತದೆ, ಆಗ ಉಲ್ಕೆಗಳು ಎಲ್ಲಿಂದ ಬರಬೇಕು? ಹ್ಯಾಲಿಗೆ ಉತ್ತರ ಸಿಕ್ಕಿತು: ಮೇ ಮೊದಲ ವಾರ, ಕುಂಭರಾಶಿ. 1870ರಲ್ಲಿ ಟಪ್ಮನ್ ಎಂಬ ಅಧಿಕಾರಿ ಮೆಡಿಟರೇನಿಯನ್ ಸಮುದ್ರದ ಮೇಲೆ ಹೋಗುವಾಗ ಅದೇ ದಿನಗಳಲ್ಲಿ ಅದೇ ಕಡೆಯಿಂದ ಉಲ್ಕೆಗಳನ್ನು ಬರೆದಿಟ್ಟಿದ್ದರು. ಎರಡೂ ಕೂಡಿಕೊಂಡವು. ತಾನು ಹುಟ್ಟಿದ ವಾರಗಳಲ್ಲಿ ಅಪ್ಪ ಕೇಪ್‌ನಲ್ಲಿ ನೋಡುತ್ತಿದ್ದ ಧೂಮಕೇತುವಿನ ಧೂಳನ್ನು ಮಗ ನಲವತ್ತು ವರ್ಷದ ಮೇಲೆ ಲೆಕ್ಕದಿಂದ ಹಿಡಿದರು.

ಇಲ್ಲಿ ಒಂದು ಎಚ್ಚರ. ಕಂಸಾಗರದ ಕಲ್ಲು ಬಿದ್ದ ತಾರೀಖು ಸಿಂಹರಾಶಿಯ ಉಲ್ಕೆಗಳ ಕಾಲ, ಕ್ಯಾರೊಲಿನ್ ಕಂಡ ಧೂಮಕೇತುವಿನ ವೃಷಭ ಉಲ್ಕೆಗಳ ಕಾಲವೂ ಹೌದು. ಹಾಗೆಂದು ಅದನ್ನು ಧೂಮಕೇತುವಿಗೆ ಗಂಟು ಹಾಕಬಾರದು. ಧೂಮಕೇತುವಿನ ಧೂಳು ಪುಡಿಪುಡಿಯಾದದ್ದು, ಮೇಲೆಯೇ ಉರಿದುಹೋಗುತ್ತದೆ. ನೆಲ ಮುಟ್ಟುವ ಎಲ್-6 ಗಟ್ಟಿ ಶಿಲೆ. ಅದು ಮಂಗಳ, ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಕಡೆಯದು. ಇದರ ತಾಯಿಪಿಂಡ ಸುಮಾರು 47 ಕೋಟಿ ವರ್ಷದ ಹಿಂದೆ ದೊಡ್ಡ ಡಿಕ್ಕಿಯಲ್ಲಿ ಒಡೆಯಿತೆಂದು ಈ ವರ್ಗದ ಕಲ್ಲುಗಳ ಅಧ್ಯಯನ ಹೇಳುತ್ತದೆ. ತಾರೀಖು ಕೂಡಿದ ಮಾತ್ರಕ್ಕೆ ನೆಂಟಸ್ತನ ಕಟ್ಟುವುದು ಶಕುನದ ದಾರಿ. ಕಲ್ಲನ್ನೇ ಕೇಳುವುದು ವಿಜ್ಞಾನದ ದಾರಿ.

ನಾಲ್ಕು ತಾಲ್ಲೂಕಿನ ಕೆಲಸ

ಕಂಸಾಗರಕ್ಕೆ ಕಲ್ಲು ಬಿದ್ದಾಗ ಅಲೆಕ್ಸಾಂಡರ್ ಸ್ಲೌ ಊರಿನಲ್ಲಿ ಇನ್ನೂ ಬದುಕಿದ್ದರು. 1907ರಲ್ಲಿ ತೀರಿಕೊಂಡರು. ಅವರ ಕೆಲಸವನ್ನು ಮುಂದುವರಿಸಿದವರಲ್ಲಿ ದೊಡ್ಡ ಹೆಸರು ಬ್ರಿಸ್ಟಲ್‌ನ ಡೆನ್ನಿಂಗ್. ಅವರ ವೃತ್ತಿ ಲೆಕ್ಕಪತ್ರ ಬರೆಯುವುದು, ಪದವಿಯ ಬಲವಿಲ್ಲ. ಬರಿಗಣ್ಣು, ನಕ್ಷತ್ರಗಳ ಪರಿಚಯ, ನೋಟ್‌ಬುಕ್ಕು, ಇಷ್ಟೇ ಬಂಡವಾಳ. ಅಷ್ಟು ನಮ್ಮಲ್ಲೂ ಇದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಮ್ಮ ನಾಲ್ಕು ತಾಲ್ಲೂಕುಗಳ ಇರವೇ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಚನ್ನಗಿರಿಯಿಂದ ಜಗಳೂರಿಗೆ ನೇರ ದೂರ ಸುಮಾರು 70 ಕಿಲೋಮೀಟರ್, ಹೊನ್ನಾಳಿಗೆ ಸುಮಾರು 40. ಚನ್ನಗಿರಿಯವರ ನೆತ್ತಿಯ ಮೇಲೆ 100 ಕಿಲೋಮೀಟರ್ ಎತ್ತರದಲ್ಲಿ ಒಂದು ಉಲ್ಕೆ ಉರಿದರೆ, ಜಗಳೂರಿನವರಿಗೆ ಅದು ನೈರುತ್ಯದಲ್ಲಿ ದಿಗಂತದಿಂದ 55 ಡಿಗ್ರಿ ಎತ್ತರದಲ್ಲಿ, ಹೊನ್ನಾಳಿಯವರಿಗೆ ಆಗ್ನೇಯದಲ್ಲಿ ಸುಮಾರು 68 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಇದು ಹತ್ತನೇ ತರಗತಿಯ ತ್ರಿಕೋನಮಿತಿ. ಬ್ರಾಂಡೆಸ್ ಮಾಡಿದ್ದನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಅದಕ್ಕಿಂತ ಚೆನ್ನಾಗಿ ಮಾಡಬಹುದು, ಕೈಯಲ್ಲಿರುವ ಮೊಬೈಲು ಸೆಕೆಂಡಿಗೆ ಸರಿಯಾಗಿ ಹೊತ್ತು ಹೇಳುತ್ತದೆ.

ಜಾಗಗಳೂ ಇವೆ. ಅಡಿಕೆ ತೋಟದೊಳಗೆ ಆಕಾಶ ಕಾಣದು, ಸೂಳೆಕೆರೆಯ ಏರಿಯ ಮೇಲೆ ಧಾರಾಳವಾಗಿ ಕಾಣುತ್ತದೆ. ಹೊನ್ನಾಳಿಗೆ ತುಂಗಭದ್ರೆಯ ದಂಡೆಯಿದೆ, ನ್ಯಾಮತಿಗೆ ತೀರ್ಥರಾಮೇಶ್ವರದ ಬೆಟ್ಟವಿದೆ, ಜಗಳೂರಿಗೆ ಕೊಂಡುಕುರಿಗಳ ರಂಗಯ್ಯನದುರ್ಗದ ಕಾಡಿನ ಸುತ್ತಲ ಒಣನಾಡಿನ ಕತ್ತಲೆಯಿದೆ. ಆಗಸ್ಟ್‌ನ ಉಲ್ಕೆಗಳನ್ನು ಮಳೆಗಾಲ ಮುಚ್ಚುತ್ತದೆ. ಹ್ಯಾಲಿಯ ಮೇ ಉಲ್ಕೆಗಳು ಇಂಗ್ಲೆಂಡಿಗಿಂತ ನಮಗೇ ಚೆನ್ನಾಗಿ ಕಾಣುತ್ತವೆ, ಏಕೆಂದರೆ ಕುಂಭರಾಶಿ ನಮ್ಮಲ್ಲಿ ನಸುಕಿಗೆ ಮೊದಲು ಹೆಚ್ಚು ಮೇಲೇರುತ್ತದೆ. ಎಲ್ಲಕ್ಕಿಂತ ಅನುಕೂಲ ಡಿಸೆಂಬರ್ 13-14ರ ಮಿಥುನ ಉಲ್ಕೆಗಳು. ಪುನರ್ವಸು ನಕ್ಷತ್ರದ ಬಳಿಯ ಅದರ ಉಗಮಬಿಂದು ರಾತ್ರಿ ಎರಡರ ಹೊತ್ತಿಗೆ ನೆತ್ತಿಯ ಸಮೀಪಕ್ಕೆ ಬರುತ್ತದೆ.

ನಮ್ಮಲ್ಲಿ ರಾತ್ರಿ ಎಚ್ಚರವಿರುವವರು ಬೇಕಾದಷ್ಟಿದ್ದಾರೆ. ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತವರು, ತ್ರೀಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ತೋಟಕ್ಕೆ ಹೋಗುವವರು, ರಾತ್ರಿ ಪಾಳಿಯ ಪೊಲೀಸರು, ಲಾರಿ ಚಾಲಕರು. ದೊಡ್ಡ ಬೆಂಕಿಯುಂಡೆ ಕಂಡರೆ ಮೊದಲು ಕಾಣುವುದು ಇವರಿಗೇ. ಅವರು ಗಮನಿಸಬೇಕಾದದ್ದು ಇಷ್ಟು: ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಯಾವ ಕಡೆಗೆ, ಎಲ್ಲಿ ಆರಿತು, ಬಣ್ಣವೇನು, ಗೆರೆ ಎಷ್ಟು ಹೊತ್ತು ನಿಂತಿತು, ಗುಡುಗು ಕೇಳಿಸಿದರೆ ಬೆಳಕಿನಿಂದ ಎಷ್ಟು ಸೆಕೆಂಡಿನ ಮೇಲೆ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಸಾಗುವುದರಿಂದ ಎರಡು ನಿಮಿಷ ತಡವಾದರೆ ಉಲ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಸಿಡಿದಿದೆ.

ಕಲ್ಲೇ ಸಿಕ್ಕರೆ ತೊಳೆಯಬೇಡಿ, ಒಡೆಯಬೇಡಿ, ಕುಂಕುಮ ಹಚ್ಚಬೇಡಿ. ಬಿದ್ದ ಜಾಗದ ಫೋಟೋ ತೆಗೆದು, ಒಣ ಚೀಲದಲ್ಲಿಟ್ಟು, ತಹಶೀಲ್ದಾರರ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ. ದೇಶದ ಉಲ್ಕಾಶಿಲೆಗಳ ಸಂಗ್ರಹ ಅವರ ವಶದಲ್ಲಿದೆ. ಆಯಸ್ಕಾಂತ ಅಂಟಿತೆಂದು ಹಿಗ್ಗಬೇಡಿ, ನಮ್ಮ ಗುಡ್ಡಗಳಲ್ಲಿ ಕಬ್ಬಿಣದ ಅದಿರಿಗೆ ಬರವಿಲ್ಲ. ತೆಳುವಾದ ಕಪ್ಪು ಸಿಪ್ಪೆ, ಒಳಗೆ ಬೂದು ಬಣ್ಣ, ಅದರಲ್ಲಿ ಮಿನುಗುವ ಲೋಹದ ಚುಕ್ಕೆಗಳು, ಇವು ಕೂಡಿ ಬಂದರೆ ಮಾತ್ರ ಆಸೆ ಇಟ್ಟುಕೊಳ್ಳಿ.

ಹರ್ಷೆಲ್ ಕುಟುಂಬಕ್ಕೆ ಹಣ, ಹೆಸರು, ರಾಜಾಶ್ರಯ ಇದ್ದವು. ಆದರೆ ಉಲ್ಕೆಗಳ ವಿಷಯದಲ್ಲಿ ಅವರ ಶಕ್ತಿ ಬೇರೆ ಕಡೆ ಇತ್ತು. ಹೆಸರಿಲ್ಲದ ಜನ ಬರೆದು ಕಳಿಸಿದ ಸಾಲುಗಳನ್ನು ಅವರು ಗೌರವದಿಂದ ಓದಿದರು, ಅಳತೆ ಹಿಡಿದು ಒರೆಗೆ ಹಚ್ಚಿದರು, ಮುಂದಿನ ತಲೆಮಾರಿಗೆ ಕೊಟ್ಟರು. ಆದ್ದರಿಂದ ಈ ಉಪನ್ಯಾಸವನ್ನು ಏರ್ಪಡಿಸಿದ ದತ್ತಿಯ ಹಿರಿಯರಲ್ಲಿ ಮತ್ತು ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಬರುವ ಡಿಸೆಂಬರ್‌ನಿಂದ ನಾಲ್ಕು ತಾಲ್ಲೂಕುಗಳ ಒಂದೊಂದು ಶಾಲೆಯಲ್ಲಿ ಒಂದೊಂದು ಉಲ್ಕಾ ದಾಖಲೆ ಪುಸ್ತಕ ತೆರೆಯಿರಿ, ವರ್ಷಕ್ಕೊಮ್ಮೆ ನಾಲ್ಕನ್ನೂ ಎದುರುಬದುರಿಟ್ಟು ಲೆಕ್ಕ ಹಾಕಿ, ಕಂಡ ಎತ್ತರ ದಾರಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ಕಂಸಾಗರ ಗ್ರಾಮದ ಶಾಲೆಯ ಗೋಡೆಯ ಮೇಲೆ ಆ ಊರಿನ ಕಲ್ಲಿನ ತಾರೀಖು, ತೂಕ, ವರ್ಗ ಬರೆಸಿ. ಆ ಊರಿನ ಮಗು ತನ್ನ ಊರಿನ ಹೆಸರು ಜಗತ್ತಿನ ಪಟ್ಟಿಯಲ್ಲಿದೆ ಎಂದು ತಿಳಿದು ಬೆಳೆಯಲಿ, ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸುವ ಹುಮ್ಮಸ್ಸು ಅದಕ್ಕೆ ಬರಲಿ.